ಹಲಗಲಿ ಬೇಡರ ಬಂಡಾಯ: ಸರಕಾರಿ ಕಾಗದವನ್ನೂ ಲಾವಣಿಯನ್ನೂ ಜೊತೆಗಿಟ್ಟು ಓದುವ ಬಗೆ

ಕುಂಪಣಿ (ಈಸ್ಟ್ ಇಂಡಿಯಾ ಕಂಪನಿ) ಸರಕಾರದ ವಿರುದ್ಧ ಹಳ್ಳಿಗರು ಎದ್ದ ಬಂಡಾಯಗಳ ಬಗ್ಗೆ ಬರೆಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಬಂಡೆದ್ದವರು ಸಾಮಾನ್ಯವಾಗಿ ಏನನ್ನೂ ಬರೆದಿಡಲಿಲ್ಲ. ಬರೆದಿಟ್ಟವರು ಅವರನ್ನು ಸದೆಬಡಿದವರು. ಹಲಗಲಿಯ ವಿಷಯದಲ್ಲಿ ಈ ತೊಡಕು ಸ್ವಲ್ಪ ಸಡಿಲವಾಗುತ್ತದೆ. ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿರುವ ಈ ಊರಿನ ಬೇಡರು 1857ರ ಕೊನೆಯಲ್ಲಿ ತಮ್ಮ ಹತಾರಗಳನ್ನು (ಆಯುಧಗಳನ್ನು) ಒಪ್ಪಿಸಲು ನಿರಾಕರಿಸಿದರು, ಸೈನ್ಯ ಬಂದು ಊರನ್ನು ಸುಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಈ ಘಟನೆಗೆ ಸರಕಾರಿ ಬರಹವೂ ಇದೆ, ಅದರ ನೆನಪಿನಲ್ಲಿ ಹುಟ್ಟಿದ ಲಾವಣಿಯೂ ಇದೆ. ಎರಡನ್ನೂ ಜೊತೆಗಿಟ್ಟು ಓದಲು ಯಾವ ಕ್ರಮ ಅನುಸರಿಸಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಕೆಲಸವನ್ನು ನಾಯಕರ ಹೆಸರಿನಿಂದ ಆರಂಭಿಸಬಾರದು, ಕಾಯಿದೆಯಿಂದ ಆರಂಭಿಸಬೇಕು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳಿಂದ ಹೊರಟರೆ ಬರಹ ಬಹುಬೇಗ ಶೌರ್ಯದ ವರ್ಣನೆಗೆ ಇಳಿಯುತ್ತದೆ, ಆ ಜನ ಯಾವುದಕ್ಕೆ ಸಿಟ್ಟಾದರೆಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಕಲ್ಕತ್ತೆಯ ಶಾಸನ ಸಭೆ 1857ರ ಸೆಪ್ಟೆಂಬರಿನಲ್ಲಿ ಆಯುಧಗಳ ಮೇಲೆ ಹತೋಟಿ ಹೇರುವ ಕಾಯಿದೆಯೊಂದನ್ನು ಮಾಡಿತು; ಅದು ಆ ವರ್ಷದ 28ನೆಯ ಕಾಯಿದೆ. ಅದರ ಪಠ್ಯವನ್ನು ಹುಡುಕಿ ಓದಿ, ಯಾರಿಗೆ ವಿನಾಯಿತಿ ಇತ್ತು, ಯಾರು ಪರವಾನಗಿ ಪಡೆಯಬೇಕಿತ್ತು, ತಪ್ಪಿದರೆ ಏನು ಶಿಕ್ಷೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನಂತರ ಅದನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿ ನೋಡಿ. ಬೇಟೆ ಬೇಡರ ಬದುಕಾಗಿತ್ತು. ಈ ಸೀಮೆಯ ಬೇಡರಲ್ಲಿ ಹಲವರು ಊರು ಕಾಯುವ ತಳವಾರಿಕೆಯನ್ನೂ ಮಾಡುತ್ತಿದ್ದರು. ಬಂದೂಕು, ಕತ್ತಿ, ಈಟಿಗಳು ಹೊಟ್ಟೆಪಾಡಿಗೂ ಮಾನಕ್ಕೂ ಬೇಕಾಗಿದ್ದ ವಸ್ತುಗಳಾದ್ದರಿಂದ, ಅವನ್ನು ಸರಕಾರಿ ಗುಮಾಸ್ತನಾದ ಕಾರಕೂನನ ಮುಂದೆ ತಂದಿಟ್ಟು ಬರೆಯಿಸಿಕೊಳ್ಳಿ ಎಂಬ ಆಜ್ಞೆ ಅವರಿಗೆ ಹೇಗೆ ಕೇಳಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಎರಡನೆಯದು, ಆಗಿನ ಆಡಳಿತದ ಗಡಿಗಳನ್ನು ಸರಿಯಾಗಿ ತಿಳಿದುಕೊಳ್ಳುವುದು. ಹೊಸಬರು ಹೆಚ್ಚು ದಾರಿ ತಪ್ಪುವುದು ಇಲ್ಲಿಯೇ. ಹಲಗಲಿ ಆಗ ನೇರವಾಗಿ ಕುಂಪಣಿಯ ಜಿಲ್ಲೆಗೆ ಸೇರಿರಲಿಲ್ಲ. ಅದು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನದ ಹಳ್ಳಿ. ಇಂದಿನ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಿಂದಿನ ರೂಪವಾದ ಕಲಾದಗಿ ಜಿಲ್ಲೆ ಎಂಬುದು ಹುಟ್ಟಿದ್ದೇ 1864ರಲ್ಲಿ, ಅದರ ಕೇಂದ್ರ ಬಿಜಾಪುರಕ್ಕೆ ಹೋದದ್ದು 1885ರಲ್ಲಿ. ಆದ್ದರಿಂದ ಇಂದಿನ ಜಿಲ್ಲೆಯ ಹೆಸರು ಹಿಡಿದು 1857ರ ಕಡತ ಕೇಳಿದರೆ ಪತ್ರಾಗಾರದ ಸಿಬ್ಬಂದಿ ಏನೂ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳಬಹುದು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನ (ಸಂಸ್ಥಾನಗಳ ಉಸ್ತುವಾರಿಗೆ ಕುಂಪಣಿ ನೇಮಿಸಿದ ಅಧಿಕಾರಿಯ) ಪತ್ರವ್ಯವಹಾರವನ್ನೂ ಬೆಳಗಾವಿ, ಧಾರವಾಡ ಕಲೆಕ್ಟರುಗಳ ಕಾಗದಗಳನ್ನೂ ಕೇಳಬೇಕು. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರವೇ ಮುಖ್ಯ ನೆಲೆ. ಬೆಂಗಳೂರಿನ ಪತ್ರಾಗಾರ ಹಳೆಯ ಮೈಸೂರಿನ ವಿಷಯಕ್ಕೆ ಸಮೃದ್ಧವಾಗಿದ್ದರೂ ಇಲ್ಲಿಗೆ ಅಷ್ಟಾಗಿ ಒದಗುವುದಿಲ್ಲ.

ಸರಕಾರಿ ವರದಿ ಕೈಗೆ ಬಂದಾಗ ಅದರಿಂದ ಮೊದಲು ದಿನಾಂಕ, ಸ್ಥಳ, ಪಡೆ, ಸಂಖ್ಯೆಗಳನ್ನು ಮಾತ್ರ ಬೇರ್ಪಡಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕರ್ನಲ್ ಮಾಲ್ಕಮ್ ಮತ್ತು ಲೆಫ್ಟಿನೆಂಟ್ ಕೆರ್ ಅವರ ಪಡೆ ನವೆಂಬರ್ 29ರ ರಾತ್ರಿ ಊರನ್ನು ಮುತ್ತಿತು, ಮರುದಿನ ಊರಿಗೆ ಬೆಂಕಿ ಬಿತ್ತು, ಸುಮಾರು 100 ಮಂದಿ ಸತ್ತರು, 290 ಮಂದಿ ಸೆರೆಯಾದರು, ಡಿಸೆಂಬರ್ 11ರ ಸಂತೆಯ ದಿನ ಮುಧೋಳದಲ್ಲಿ 13 ಮಂದಿಯನ್ನೂ 14ರಂದು ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಲಾಯಿತು ಎಂಬಷ್ಟು ಆ ಹಾಳೆಯಲ್ಲಿರುತ್ತದೆ. ಈಗ ಒಂದೊಂದು ಸಂಗತಿಯನ್ನೂ ಪ್ರಶ್ನಿಸುತ್ತ ಹೋಗಿ. ಪಂಚಾಂಗದ ಲೆಕ್ಕದಲ್ಲಿ ಆ ಡಿಸೆಂಬರ್ 11 ಶುಕ್ರವಾರ. ಮುಧೋಳದ ಹಳೆಯ ಸಂತೆಯ ವಾರದೊಂದಿಗೆ ಅದನ್ನು ತಾಳೆ ನೋಡಬಹುದು. ಗಲ್ಲಿಗೆ ಸಂತೆಯ ದಿನವನ್ನು ಆರಿಸಿದ್ದು ಆಕಸ್ಮಿಕವಾಗಿರಲಾರದು: ಸುತ್ತಲಿನ ಹತ್ತಾರು ಹಳ್ಳಿಗಳ ಜನ ನೋಡಿ, ಊರಿಗೆ ಮರಳಿ ಹೇಳಲಿ ಎಂಬುದೇ ಉದ್ದೇಶ. ಉಳಿದ ಆರು ಮಂದಿಯನ್ನು ಅವರ ಊರಿನಲ್ಲಿಯೇ ನೇಣಿಗೆ ಹಾಕಿದ್ದೂ ಅದೇ ಬುದ್ಧಿಯ ಇನ್ನೊಂದು ಮುಖ. ಸತ್ತವರ ಸಂಖ್ಯೆಯನ್ನು ಯಾರು ಎಣಿಸಿದರು, ಅದರಲ್ಲಿ ಹೋರಾಡದ ಮುದುಕರು, ಹೆಂಗಸರು, ಮಕ್ಕಳು ಸೇರಿದ್ದಾರೆಯೇ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಸಂಖ್ಯೆ ವರದಿಯದೆಂದೇ ಬರೆಯಿರಿ, ನಿಮ್ಮ ಮಾತಾಗಿ ಬರೆಯಬೇಡಿ.

ಇನ್ನು ಲಾವಣಿ. ಶಾಸನ ವಿದ್ವಾಂಸನೆಂದು ಹೆಸರಾದ ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದಾಗ ಈ ಭಾಗದ ಕೆಲವು ಲಾವಣಿಗಳನ್ನು ಬರೆಯಿಸಿಕೊಂಡು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಮೇಲಿನದೂ ಹಲಗಲಿಯ ಮೇಲಿನದೂ ಅವುಗಳಲ್ಲಿ ಇವೆ. ಕಂದಾಯ ಎತ್ತುವ ಸರಕಾರದ ನೌಕರನೇ ಆ ಸರಕಾರವನ್ನು ಬೈಯುವ ಹಾಡುಗಳನ್ನು ಉಳಿಸಿದ್ದು ಚರಿತ್ರೆಯ ಒಂದು ವಿನೋದ. ಶಾಲೆಯ ಕನ್ನಡ ಪಠ್ಯದಲ್ಲಿ ಹಲಗಲಿ ಲಾವಣಿಯನ್ನು ಓದಿದವರು ಬಹಳ ಮಂದಿ ಇದ್ದಾರೆ, ಆದರೆ ಅಧ್ಯಯನಕ್ಕೆ ಪಠ್ಯಪುಸ್ತಕದ ಭಾಗ ಸಾಲದು. ಅಚ್ಚಾದ ಪೂರ್ಣ ಪಾಠವನ್ನೂ ಇಂದು ಹಾಡುವವರ ಪಾಠವನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು.

ಲಾವಣಿಯಲ್ಲಿ ದಿನಾಂಕ ಹುಡುಕುವುದು ವ್ಯರ್ಥ. ಅದರಲ್ಲಿ ಹುಡುಕಬೇಕಾದದ್ದು, ವರದಿ ಬರೆದವನಿಗೆ ಬರೆಯಲು ಕಾರಣವೇ ಇರದಿದ್ದ ವಿವರಗಳನ್ನು. ವರದಿಯಲ್ಲಿ ಗಲಭೆ ಹತಾರ ಒಪ್ಪಿಸದಿರುವುದರಿಂದ ಶುರುವಾದರೆ, ಲಾವಣಿಯಲ್ಲಿ ಕಾರಕೂನನ ಕಪಾಳಕ್ಕೆ ಬೀಳುವ ಏಟು ಬರುತ್ತದೆ. ಜನ ಸರಕಾರವನ್ನು ಮುಖಾಮುಖಿ ಕಂಡದ್ದು ಆ ಕೆಳಗಿನ ನೌಕರನಲ್ಲಿ ಎಂಬುದು ಇದರಿಂದ ತಿಳಿಯುತ್ತದೆ. ಹುಕುಂ ಬಂದದ್ದು ವಿಲಾಯತಿಯಿಂದ (ಇಂಗ್ಲೆಂಡಿನಿಂದ) ಎಂದು ಲಾವಣಿ ಹೇಳುತ್ತದೆ, ಕಾಯಿದೆಯಾದದ್ದು ಕಲ್ಕತ್ತೆಯಲ್ಲಿ. ಇದನ್ನು ತಪ್ಪೆಂದು ತಿದ್ದಲು ಹೋಗದೆ, ಅಧಿಕಾರದ ಮೂಲ ಎಲ್ಲಿದೆಯೆಂದು ಮುಧೋಳದ ಸೀಮೆಯ ಜನ ಭಾವಿಸಿದ್ದರೆಂಬುದಕ್ಕೆ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಹೆಸರುಗಳನ್ನು ಗುರುತಿಸಲು ಕಿವಿಯನ್ನು ನಂಬಬೇಕು: ಲಾವಣಿಯ ಕಾರಸಾಹೇಬನೆಂದರೆ ಲೆಫ್ಟಿನೆಂಟ್ ಕೆರ್, ಅದೇ ವರ್ಷದ ಜುಲೈನಲ್ಲಿ ಕೊಲ್ಲಾಪುರದ ದಂಗೆಯನ್ನು ಅಡಗಿಸಿದ್ದಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದ ಅಧಿಕಾರಿ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಲೂಟಿಯ ಪಟ್ಟಿ. ದಂಡು ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋಯಿತೆಂದು ಹೇಳಿ ಸುಮ್ಮನಾಗದೆ ಲಾವಣಿಕಾರ ಒಂದೊಂದನ್ನೂ ಹೆಸರಿಸುತ್ತಾನೆ: ಕೊಡಲಿ, ಕುಡ, ಕಬ್ಬಿಣ, ಮೊಸರು, ಬೆಣ್ಣೆ, ಹಾಲು, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಅಕ್ಕಿ, ಬೆಲ್ಲ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುಕಲ್ಲು. ಇದನ್ನು ಓದುವಾಗ ಒಂದೊಂದು ವಸ್ತುವೂ ಮನೆಯ ಯಾವ ಮೂಲೆಯಲ್ಲಿರುತ್ತಿತ್ತು, ಯಾರ ಕೈಗೆ ಸೇರಿದ್ದಾಗಿತ್ತು ಎಂದು ಎದುರಿಗೆ ಬರೆದುಕೊಳ್ಳಿ. ಕುಡವೆಂದರೆ ನೇಗಿಲಿನ ಮೊನೆ, ಅಂದರೆ ಬರುವ ಬಿತ್ತನೆ. ಬೀಸುಕಲ್ಲು, ಅರಿಶಿನ, ಮಂಗಳಸೂತ್ರ ಹೆಂಗಸರ ಕೈಯವು. ಹಾಡಿನ ಮುಖ್ಯ ಪಾತ್ರಗಳೆಲ್ಲ ಗಂಡಸರಾದರೂ ಹೆಂಗಸರಿಗಾದ ನಷ್ಟ ಈ ಪಟ್ಟಿಯ ಮೂಲಕವಾದರೂ ಒಳಗೆ ಬಂದಿದೆ. ಆಯುಧಗಳನ್ನು ವಶಪಡಿಸಿಕೊಳ್ಳಲು ಬಂದ ಪಡೆ ಜೀರಿಗೆಯನ್ನೂ ಬಿಡಲಿಲ್ಲವೆಂಬ ಮಾತಿಗೆ ಎದುರಾಗಿ ವರದಿ ಏನು ಹೇಳುತ್ತದೆಂದು ಹುಡುಕಿ ನೋಡಿ. ಹಾಗೆಂದು ಪಟ್ಟಿಯ ಪ್ರತಿಯೊಂದನ್ನೂ ಅಕ್ಷರಶಃ ನಂಬಬೇಕಾಗಿಲ್ಲ. ಸಾಲುಸಾಲಾಗಿ ವಸ್ತುಗಳನ್ನು ಹೆಸರಿಸುವುದು ಲಾವಣಿಯ ರೂಢಿಯೂ ಹೌದು, ಪ್ರಾಸ ಕೆಲವನ್ನು ಎಳೆದು ತಂದಿರಬಹುದು. ಬೇರೆ ಲಾವಣಿಗಳ ಲೂಟಿಯ ವರ್ಣನೆಗಳೊಂದಿಗೆ ಹೋಲಿಸಿ, ಎಲ್ಲೆಡೆಯೂ ಬರುವುದನ್ನು ಒಂದು ಕಡೆಗೂ ಇಲ್ಲಿ ಮಾತ್ರ ಬರುವುದನ್ನು ಇನ್ನೊಂದು ಕಡೆಗೂ ಬೇರ್ಪಡಿಸುವುದು ಒಳ್ಳೆಯ ಅಭ್ಯಾಸ.

ವರದಿಯೂ ಲಾವಣಿಯೂ ಬಾಯಿಬಿಡದ ಸಂಗತಿಗಳನ್ನು ಬೇರೆಯಾಗಿ ಗುರುತಿಸಿ. ಸಂಸ್ಥಾನದ ಪಾತ್ರ ಅವುಗಳಲ್ಲಿ ಮೊದಲನೆಯದು. ಕಾಯಿದೆ ಕುಂಪಣಿಯದಾದರೂ ಹಳ್ಳಿಯಲ್ಲಿ ಅದನ್ನು ಜಾರಿಗೆ ತರಬೇಕಾದ್ದು ಮುಧೋಳದ ಆಡಳಿತ. ಅದಕ್ಕೂ ಬೇಡರಿಗೂ ಮೊದಲಿನಿಂದ ಎಂಥ ಸಂಬಂಧವಿತ್ತೆಂಬುದನ್ನು ಸಂಸ್ಥಾನದ ಮೋಡಿ ಲಿಪಿಯ (ಮರಾಠಿಯನ್ನು ಬರೆಯುತ್ತಿದ್ದ ಹಳೆಯ ಕೂಡುಬರಹದ) ಕಾಗದಗಳಲ್ಲಿ ಅರಸಬೇಕು. ಅದಕ್ಕಾಗಿ ಮೋಡಿ ಓದಬಲ್ಲವರೊಬ್ಬರ ನೆರವು ಬೇಕಾಗುತ್ತದೆ.

ಸುತ್ತಲಿನ ಬಂಡಾಯಗಳನ್ನು ಜೋಡಿಸುವಾಗ ಎಚ್ಚರವಿರಲಿ. ಹಲಗಲಿಯ ಬೆನ್ನಿಗೆ, 1858ರಲ್ಲಿ, ಬೇಡ ಅರಸುಮನೆತನದ ಸುರಪುರದ ವೆಂಕಟಪ್ಪ ನಾಯಕ ಎದ್ದ. ಮೇ ತಿಂಗಳಲ್ಲಿ, ದತ್ತಕದ ಹಕ್ಕು ಸಿಗದ ನರಗುಂದದ ಜಹಗೀರುದಾರ ಬಾಬಾಸಾಹೇಬ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಲ್ಲಿಸಿದ. ಮುಂಡರಗಿಯ ಭೀಮರಾವ್ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ. ಇವೆಲ್ಲ ಒಂದೇ ಸಂಚಿನ ಕೊಂಡಿಗಳೆಂದು ತೋರಿಸುವ ಆಸೆ ಅಂದಿನ ಅಧಿಕಾರಿಗಳಿಗೂ ಇತ್ತು, ನಂತರದ ದೇಶಭಕ್ತ ಲೇಖಕರಿಗೂ ಇತ್ತು. ಪತ್ರವೋ ದೂತನೋ ಹೋಗಿ ಬಂದ ಆಧಾರ ಸಿಗುವವರೆಗೆ ಇವು ಒಂದೇ ಕಾಲದ, ಬೇರೆಬೇರೆ ಕುಂದುಕೊರತೆಗಳ ಬಂಡಾಯಗಳೆಂದು ಇಡುವುದೇ ಲೇಸೆಂದು ನನ್ನ ಅಭಿಪ್ರಾಯ. ಜಹಗೀರುದಾರನ ದತ್ತಕದ ಹಕ್ಕೂ ಬೇಡನ ಬಂದೂಕೂ ಒಂದೇ ಪ್ರಶ್ನೆಯಲ್ಲ.

ಊರಿಗೆ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳಿ, ಕಾಗದಗಳನ್ನು ಓದಿ ಮುಗಿಸಿದ ಮೇಲೆ. ನೀವು ಓದಿದ ಹೆಸರುಗಳನ್ನು ಮೊದಲೇ ಹೇಳಿ ಹೌದೇ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ಹೊಲಗಳ ಹೆಸರು, ಹಳೆಯ ಅಗಸೆಯ (ಊರಬಾಗಿಲಿನ) ಜಾಗ, ಊರು ಬಿಟ್ಟು ಹೋಗಿ ಮರಳಿದ ಮನೆತನಗಳು, ಜಾತ್ರೆಯಲ್ಲಿ ಯಾರಿಗೆ ಯಾವ ಮರ್ಯಾದೆ ಎಂಬುದರಿಂದ ಮಾತು ಶುರುಮಾಡಿ. ಹಾಡುವವರ ಧ್ವನಿಯನ್ನು ಅವರ ಒಪ್ಪಿಗೆಯಿಂದಲೇ ಮುದ್ರಿಸಿ, ಯಾರಿಂದ ಕಲಿತರೆಂದು ಕೇಳಿ. ಶಾಲೆಯ ಪಠ್ಯದಿಂದ ಕಲಿತದ್ದಾದರೆ ಅದು ಸ್ವತಂತ್ರ ಸಾಕ್ಷಿಯಾಗುವುದಿಲ್ಲ. ಬರೆದು ಮುಗಿಸಿದ ಮೇಲೆ ಒಂದು ಪ್ರತಿಯನ್ನೂ ಮುದ್ರಿಸಿದ ಧ್ವನಿಯನ್ನೂ ಹಾಡಿದವರಿಗೆ ಕೊಟ್ಟು, ತಪ್ಪೆಂದು ಅವರು ಹೇಳುವ ಜಾಗಗಳನ್ನು ತಿದ್ದಿದ ನಂತರವೇ ಅಚ್ಚಿಗೆ ಕಳಿಸಿ.