ಹಳೆಯ ಬೀದಿಯೊಂದನ್ನು ದಾಖಲಿಸುವುದು ಹೇಗೆ?

ಕೆಡವಿದಾಗ ಮಾತ್ರ ಹಳೆಯ ಕಟ್ಟಡದ ಚರಿತ್ರೆ ಅಳಿಯುತ್ತದೆ ಎಂದುಕೊಳ್ಳಬೇಡಿ. ಕಾಳಜಿಯಿಂದಲೇ ಮಾಡಿಸಿದ ರಿಪೇರಿಯಲ್ಲೂ ಅದು ಅಳಿದುಹೋಗುತ್ತದೆ. ಗೋಡೆಗೆ ಹೊಸ ಪ್ಲಾಸ್ಟರ್ ಬಿದ್ದ ಮೇಲೆ ಯಾವ ಕಿಟಕಿಯನ್ನು ಯಾವಾಗಲೋ ಮುಚ್ಚಿದ್ದರು, ಯಾವ ಮಹಡಿ ಆಮೇಲೆ ಎದ್ದಿತು ಎಂಬ ಗುರುತುಗಳೆಲ್ಲ ಅದರಡಿ ಹೂತುಹೋಗುತ್ತವೆ. ಆದ್ದರಿಂದ ಮೊದಲು ದಾಖಲೆ, ಆಮೇಲೆ ಗಾರೆಗೆ ಕೈ.

ದಾಖಲೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಪೋಲೆಂಡಿನ ರಾಜಧಾನಿ ವಾರ್ಸಾ ನಗರವೇ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ಅದರ ಹಳೇಪೇಟೆ ಬಹುಪಾಲು ನೆಲಸಮವಾಯಿತು. ಅದನ್ನು ಮತ್ತೆ ಕಟ್ಟುವಾಗ, ಅಲ್ಲಿನ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ವಿಭಾಗದವರು ಮುಂಚೆಯೇ ಅಳತೆ ಹಿಡಿದು ಬರೆದಿಟ್ಟಿದ್ದ ನಕ್ಷೆಗಳು ಆಧಾರವಾದವು. 1980ರಲ್ಲಿ ಆ ಪೇಟೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಇಂಥ ಕೆಲಸವನ್ನು ಸಾಮಾನ್ಯ ನಿವಾಸಿಗಳು ಕೂಡ ಶುರುಮಾಡಬಹುದು.

ಜಾಗ ಮತ್ತು ನಂಬರು

ಒಂದೇ ಬೀದಿಯ ಎರಡೂ ಬದಿ, ಹೆಚ್ಚೆಂದರೆ 20ರಿಂದ 30 ಕಟ್ಟಡ ಆರಿಸಿಕೊಳ್ಳಿ. ಇಡೀ ಬಡಾವಣೆಯನ್ನು ಮುಗಿಸುತ್ತೇವೆಂದು ಹೊರಟರೆ ಕೆಲಸ ಅರ್ಧಕ್ಕೇ ನಿಲ್ಲುವುದು ಹೆಚ್ಚು. ಚೆಂದದ ಮನೆಗಳನ್ನು ಮಾತ್ರ ಹೆಕ್ಕಬೇಡಿ. ಸೂರಿನ ಎತ್ತರ, ಕಿಟಕಿಗಳ ಸಾಲು, ಅಂಗಡಿ ಮುಂಗಟ್ಟಿನ ಅಗಲ, ಇವೆಲ್ಲ ಬೀದಿಯ ಸಾಧಾರಣ ಕಟ್ಟಡಗಳಿಂದಲೇ ಬಂದಿರುತ್ತವೆ.

ಪ್ರತಿ ಕಟ್ಟಡಕ್ಕೂ ನಿಮ್ಮದೇ ಕ್ರಮಸಂಖ್ಯೆ ಕೊಡಿ. ಮನೆ ನಂಬರು ಕಾಲಕ್ಕೆ ತಕ್ಕಂತೆ ಬದಲಾಗುವ ವಸ್ತು. ಶಿಕಾಗೊ ನಗರ 1909ರಲ್ಲಿ ಮನೆ ನಂಬರುಗಳ ಪದ್ಧತಿಯನ್ನೇ ಬದಲಿಸಿತು. ಅಲ್ಲಿ ಅದಕ್ಕಿಂತ ಹಳೆಯ ಕಾಗದ ಹಿಡಿದು ಈಗಿನ ನಂಬರಿನ ಮನೆ ಹುಡುಕಿದರೆ ಬೇರೆಯದೇ ಕಟ್ಟಡದ ಚರಿತ್ರೆ ಬರೆದಂತಾಗುತ್ತದೆ.

ಫೋಟೊ

ಮೋಡವಿದ್ದಾಗ ತೆಗೆದ ಫೋಟೊದಲ್ಲಿ ನೆರಳಿನ ಕಾಟವಿರುವುದಿಲ್ಲ. ಕಟ್ಟಡಕ್ಕೆ ನೇರ ಎದುರು ನಿಂತು ಒಂದು, ಎರಡು ಮೂಲೆಗಳಿಂದ ಒಂದೊಂದು, ಆಮೇಲೆ ಬಾಗಿಲು, ಸೂರು, ಮೆಟ್ಟಿಲುಗಳ ಹತ್ತಿರದ ಚಿತ್ರಗಳು. ಹತ್ತಿರದ ಚಿತ್ರದಲ್ಲಿ ಅಳತೆಪಟ್ಟಿ ಕಾಣಿಸಲೇಬೇಕು. ಮುಂದೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡುವ ಯೋಚನೆಯಿದ್ದರೆ ಅಕ್ಕಪಕ್ಕದ ಚಿತ್ರಗಳು ಶೇ 60ರಿಂದ 80ರಷ್ಟು ಒಂದರ ಮೇಲೊಂದು ಹೊಂದಿಕೊಳ್ಳಬೇಕು. ಅಷ್ಟು ಹೊಂದದಿದ್ದರೆ ಮಾದರಿಯಲ್ಲಿ ತೂತು ಬೀಳುತ್ತದೆ.

ಇನ್ನೊಂದು ಸುತ್ತು ಬೇರೆಯೇ ಬೆಳಕಿನಲ್ಲಿ ಬೇಕು. ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳುವ ಹೊತ್ತಿನಲ್ಲಿ, ಮುಚ್ಚಿದ ಕಿಟಕಿಯ ಅಂಚು, ತೇಪೆ, ಉಬ್ಬು ಎಲ್ಲವೂ ನೆರಳಾಗಿ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಬೋಳಾಗಿ ಕಂಡ ಗೋಡೆ ಆಗ ತನ್ನ ಹಳೆಯ ಬಾಗಿಲುಗಳನ್ನೆಲ್ಲ ತೋರಿಸುತ್ತದೆ.

ಗೋಡೆಯನ್ನು ಓದುವುದು

ಕಾಗದಪತ್ರಕ್ಕಿಂತ ಮೊದಲು ಗೋಡೆ ನೋಡಿ. ಕಾಗದದಲ್ಲಿರುವುದು ಅನುಮತಿ ಪಡೆದದ್ದು. ಕಟ್ಟಿದ್ದು ಗೋಡೆಯಲ್ಲಿದೆ.

ಒಂದೇ ಸಲಕ್ಕೆ ಕಟ್ಟಿದ ಗೋಡೆಯಲ್ಲಿ ಇಟ್ಟಿಗೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ಓಡುವ ಸಂದು ಕಂಡರೆ ಅಲ್ಲಿ ಎರಡು ಕಾಲದ ಕೆಲಸ ಸೇರಿದೆ, ಇಲ್ಲವೇ ಒಂದು ಬಾಗಿಲು ಮುಚ್ಚಿದೆ ಎಂದೇ ಮೊದಲು ಅನುಮಾನಿಸಿ. ಮೇಲ್ಗಡೆ ಕಮಾನು ಅಥವಾ ಲಿಂಟೆಲ್ (ಬಾಗಿಲ ಮೇಲಿನ ಅಡ್ಡತೊಲೆ) ಉಳಿದಿದೆಯೇ ನೋಡಿ. ಇದ್ದರೆ ಅದು ಮುಚ್ಚಿದ ಬಾಗಿಲೇ ಸರಿ.

ಗಾರೆಯನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಗೀರಿ. ಸುಣ್ಣದ ಗಾರೆ ಸುಲಭವಾಗಿ ಉದುರುತ್ತದೆ, ಒಳಗೆ ಬಿಳಿ ಸುಣ್ಣದ ಸಣ್ಣ ಗಂಟುಗಳು ಕಾಣುತ್ತವೆ. ಸಿಮೆಂಟ್ ಗಾರೆ ಸಾಮಾನ್ಯವಾಗಿ ಬೂದು ಬಣ್ಣ, ಚಾಕುವಿಗೆ ಜಗ್ಗುವುದಿಲ್ಲ. ವಿನೆಗರ್ ಹನಿಸಿ ನೊರೆ ಬಂದರೆ ಸುಣ್ಣ ಎಂಬ ಪರೀಕ್ಷೆಯನ್ನು ನಂಬಬೇಡಿ: ಗಾಳಿಗೆ ಒಡ್ಡಿಕೊಂಡ ಹಳೆಯ ಸಿಮೆಂಟೂ ನೊರೆಯೇಳಿಸುತ್ತದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದು ಊರೂರಿಗೆ ತಲುಪಿದ್ದು ತುಂಬಾ ತಡವಾಗಿ. ಹಾಗಾಗಿ ಹಳೆಯ ಗೋಡೆಯ ಸಂದಿನ ತುದಿಯಲ್ಲಿ ಮಾತ್ರ ಸಿಮೆಂಟ್ ಕಂಡು, ಒಳಗೆ ಸುಣ್ಣವಿದ್ದರೆ ಅದು ಆಮೇಲಿನ ತೇಪೆ.

ಮರಗೆಲಸದಲ್ಲೂ ಕಾಲದ ಗುರುತಿದೆ. ತೊಲೆಯ ಮೈಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳಿದ್ದರೆ ಅದನ್ನು ಚಕ್ರದ ಗರಗಸದಲ್ಲಿ ಕೊಯ್ದಿದ್ದಾರೆ. ಒಂದೇ ಓರೆಯಲ್ಲಿಲ್ಲದ, ಅಂತರ ಹೆಚ್ಚುಕಮ್ಮಿಯಿರುವ ನೇರ ಅಡ್ಡಗೆರೆಗಳು ಕೈಗರಗಸದವು. ನಾಲ್ಕೂ ಬದಿಯಿಂದ ಮೊನೆಯತ್ತ ಸಣ್ಣಗಾಗುವ ಚೌಕ ಮೊಳೆ ಕಮ್ಮಾರನ ಕೈಕೆಲಸ. ದುಂಡನೆಯ ತಂತಿ ಮೊಳೆ ಹರಡಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಕಬ್ಬಿಣದ ತೊಲೆಯ ಮೇಲೆ ಎರಕದ ಅಕ್ಷರಗಳಿದ್ದರೆ ಬಿಡದೆ ಬರೆದುಕೊಳ್ಳಿ, ಅದು ಕಾರ್ಖಾನೆಯ ಹೆಸರಿರಬಹುದು.

ಕಿಟಕಿ ಗಾಜಿನ ಹಿಂದಿನ ದೃಶ್ಯ ಅಲೆಯಲೆಯಾಗಿ ಕಂಡರೆ ಅದು ಹಳೆಯ ಗಾಜು. ಗಾಜು ಕಾಲಾಂತರದಲ್ಲಿ ಕೆಳಕ್ಕೆ ಹರಿದು ದಪ್ಪಗಾಗುತ್ತದೆ ಎಂಬ ಮಾತು ಸುಳ್ಳು. ಆ ಅಲೆ ತಯಾರಿಕೆಯಲ್ಲೇ ಬಂದದ್ದು. ಕರಗಿದ ತವರದ ಮೇಲೆ ತೇಲಿಸಿ ಸಪಾಟು ಗಾಜು ಮಾಡುವ ವಿಧಾನವನ್ನು ಪಿಲ್ಕಿಂಗ್‌ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಅಲೆಯಿರುವ ಹಳೆಯ ಗಾಜು ಒಡೆಯದೆ ಉಳಿದಿದ್ದರೆ ದಯವಿಟ್ಟು ತೆಗೆಸಬೇಡಿ, ಅದನ್ನು ಮತ್ತೆ ತರಲಾಗುವುದಿಲ್ಲ.

ಆದರೆ ಒಂದು ಮೊಳೆಯಿಂದ ಇಡೀ ಮನೆಗೆ ವಯಸ್ಸು ಕಟ್ಟುವಂತಿಲ್ಲ. ಅದು ಹೇಳುವುದು ಆ ಹಲಗೆಯನ್ನು ಯಾವ ಕಾಲಕ್ಕಿಂತ ಮೊದಲು ಬಡಿದಿರಲಾರರು ಎಂಬುದನ್ನಷ್ಟೇ. ಬೇರೆ ಬೇರೆ ಮೂಲದ ಮೂರು ಗುರುತುಗಳಾದರೂ ಒಂದೇ ಕಾಲವನ್ನು ತೋರಿಸುವವರೆಗೆ ‘ಸುಮಾರು’ ಎಂದೇ ಬರೆಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಪದರಗಳನ್ನು ನೋಡಲು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು.

ಅಳತೆ

30 ಮೀಟರಿನ ಟೇಪು, 5 ಮೀಟರಿನ ಟೇಪು, ಪೆನ್ಸಿಲ್ಲು, ಜೊತೆಗೊಬ್ಬರು. ಮೊದಲು ಕೈಯಿಂದ ಅಂದಾಜು ನಕ್ಷೆ ಬರೆದು ಅದರ ಮೇಲೆ ಅಳತೆ ತುಂಬಿ. ಸಾಮಾನ್ಯವಾಗಿ ತಪ್ಪುವುದು ಇಲ್ಲಿ: ಕಿಟಕಿಯಿಂದ ಕಿಟಕಿಗೆ ಬಿಡಿಬಿಡಿಯಾಗಿ ಅಳೆದು ಆಮೇಲೆ ಕೂಡುತ್ತಾರೆ. ಪ್ರತಿ ಅಳತೆಯಲ್ಲಿ 5 ಮಿಲಿಮೀಟರ್ ತಪ್ಪಿದರೂ 12 ಅಳತೆ ಮುಗಿಯುವಷ್ಟರಲ್ಲಿ 6 ಸೆಂಟಿಮೀಟರಿನವರೆಗೆ ವ್ಯತ್ಯಾಸ ಬರಬಹುದು. ಬದಲಿಗೆ ಮೂಲೆಯಲ್ಲಿ ಸೊನ್ನೆ ಇಟ್ಟು ಟೇಪನ್ನು ಉದ್ದಕ್ಕೂ ಎಳೆದು, ಪ್ರತಿ ಅಂಚಿನ ಅಂಕಿಯನ್ನೂ ಅದೇ ಟೇಪಿನಿಂದ ಓದಿ.

ಕೋಣೆಯ ಎರಡು ಕರ್ಣಗಳನ್ನು ಅಳೆಯದೆ ಹೊರಬರಬೇಡಿ. ಹಳೆಯ ಕೋಣೆಗಳ ಮೂಲೆ 90 ಡಿಗ್ರಿ ಇರುವುದು ಅಪರೂಪ. ಕರ್ಣವಿಲ್ಲದೆ ಬರೆದ ನಕ್ಷೆ ಪಕ್ಕದ ಕೋಣೆಗೆ ಹೊಂದುವುದಿಲ್ಲ. ಲೇಸರ್ ಮೀಟರ್ ಬಳಸುವವರು ಗಾಜಿಗೆ ಗುರಿಯಿಟ್ಟರೆ ತಪ್ಪು ಅಂಕಿ ಬರುತ್ತದೆ, ರಟ್ಟು ಅಡ್ಡ ಹಿಡಿಯಿರಿ. ನೆಲನಕ್ಷೆಗೆ 1:50, ಬಾಗಿಲು ಕಿಟಕಿಗೆ 1:10 ಪ್ರಮಾಣ ಸಾಕು.

ಕಾಗದ ಮತ್ತು ಜನ

ಕಟ್ಟಡ ಅನುಮತಿ, ತೆರಿಗೆ ಪುಸ್ತಕ, ನೀರಿನ ಸಂಪರ್ಕದ ದಿನಾಂಕ, ಹಳೆಯ ನಕ್ಷೆಗಳನ್ನು ಒಂದಕ್ಕೊಂದು ತಾಳೆ ಹಾಕಿ. ತೆರಿಗೆ ಒಂದೇ ವರ್ಷದಲ್ಲಿ ದಿಢೀರನೆ ಏರಿದ್ದರೆ ಮಹಡಿ ಸೇರಿದ ಸುಳಿವಿರಬಹುದು. ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗಾಗಿ ಮಾಡಿದ ನಕ್ಷೆಗಳಲ್ಲಿ ಇಟ್ಟಿಗೆ ಕಟ್ಟಡ ಗುಲಾಬಿ, ಮರದ್ದು ಹಳದಿ. ನಿಮ್ಮ ನಗರಕ್ಕೂ ವಿಮೆ ನಕ್ಷೆ ಇದೆಯೇ ಎಂದು ದಾಖಲೆ ಭಂಡಾರದಲ್ಲಿ ವಿಚಾರಿಸಿ.

ಹಿರಿಯ ನಿವಾಸಿಗಳನ್ನು ‘ಇದು ಯಾವಾಗ ಕಟ್ಟಿದ್ದು?’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಹಳೆಯ ಫೋಟೊ ಕೈಗಿಟ್ಟು ‘ಈ ಮೆಟ್ಟಿಲು ಮೊದಲು ಯಾವ ಕಡೆಗಿತ್ತು?’ ಎಂದು ಕೇಳಿ. ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಬಾರದು. ಜನ ವಾಸವಿರುವ ಮನೆಯ ಒಳನಕ್ಷೆಯನ್ನು ವಿಳಾಸದ ಜೊತೆ ಎಲ್ಲೂ ಪ್ರಕಟಿಸಬಾರದು.

ರಿಪೇರಿಗೆ ಇಳಿದಾಗ

ಹಳೆಯ ಇಟ್ಟಿಗೆ ಗೋಡೆಗೆ ಹೆಚ್ಚು ಪೆಟ್ಟು ಕೊಡುವುದು ಗಟ್ಟಿ ಸಿಮೆಂಟ್. ಗೋಡೆಯೊಳಗಿನ ತೇವ ಮೆದು ಸುಣ್ಣದ ಸಂದಿನಿಂದ ಹೊರಗೆ ಆರುತ್ತಿರುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ತೇವ ಇಟ್ಟಿಗೆಯ ಮುಖದಿಂದ ಹೊರಡುತ್ತದೆ, ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಮುಖವನ್ನು ಪದರಪದರವಾಗಿ ಸಿಡಿಸುತ್ತದೆ. ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆದುವಾಗಿರಬೇಕು.

ಉದುರಿದ ಸಂದನ್ನು 20ರಿಂದ 25 ಮಿಲಿಮೀಟರ್ ಆಳಕ್ಕೆ ಉಳಿ ಹಿಡಿದು ಕೈಯಲ್ಲೇ ಕೆರೆಯಿರಿ. ಗ್ರೈಂಡರ್ ಇಟ್ಟಿಗೆಯ ಅಂಚನ್ನೇ ತಿನ್ನುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಎಂಬುದು ಶುರುಮಾಡಲು ಒಳ್ಳೆಯ ಪ್ರಮಾಣ. ಮರಳಿನ ಬಣ್ಣ, ಕಾಳಿನ ಗಾತ್ರ ಹಳೆಯದಕ್ಕೆ ಹೊಂದಬೇಕು. ಸಂದಿಗೆ ನೀರು ಚಿಮುಕಿಸಿ, ಒತ್ತಿ ತುಂಬಿ, ಒದ್ದೆ ಗೋಣಿತಾಟು ಹೊದಿಸಿ ಕನಿಷ್ಠ ಒಂದು ವಾರ ತೇವ ಕಾಪಾಡಿ. ಸುಡುಬಿಸಿಲಿನಲ್ಲಿ ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಅದು ಗಟ್ಟಿಯಾಗುವುದು ತೀರಾ ನಿಧಾನ. ಮೊದಲು ಒಂದು ಚದರ ಮೀಟರಿನಲ್ಲಿ ಮಾಡಿ, ಒಣಗಿದ ಬಣ್ಣ ನೋಡಿಯೇ ಮುಂದುವರಿಯಿರಿ.

ಕಳೆದುಹೋದ ಅಲಂಕಾರವನ್ನು ಊಹೆಯಿಂದ ಮತ್ತೆ ಮಾಡಿಸಬೇಡಿ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದು ಸ್ಮಾರಕಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದು ಹೇಳುತ್ತದೆ, ಅದು ಇವತ್ತಿಗೂ ಸರಿಯಾದ ಗೆರೆ. ಬದಲಿಸಿದ ಮರದ ಹಿಂಬದಿಗೆ ಆ ವರ್ಷವನ್ನು ಕೆತ್ತಿಸಿ. ತೆಗೆದ ಗಾರೆಯ ಒಂದು ಹಿಡಿಯನ್ನು ಚೀಲದಲ್ಲಿ ಹಾಕಿ, ಕಟ್ಟಡದ ಕ್ರಮಸಂಖ್ಯೆ, ಗೋಡೆ, ಎತ್ತರ, ದಿನಾಂಕ ಬರೆದು ನಕ್ಷೆಗಳ ಜೊತೆಗೇ ಇಡಿ.