ಜರ್ಮನಿಯಲ್ಲಿ ಸೈಕಲ್‌ಗೆ ದಂಡ, ಆಟೋಬಾನ್‌ನಲ್ಲಿ ಸಲೀಸು

ಜರ್ಮನಿಗೆ ಬಂದ ಮೊದಲ ವಾರವೇ ಬೈಸಿಕೊಂಡೆ. ಮ್ಯೂನಿಕ್‌ನಲ್ಲಿ ಅಂಗಡಿ ಇದ್ದದ್ದು ಇನ್ನೂರು ಮೀಟರ್ ದೂರದಲ್ಲಿ. ಸುಮ್ನೆ ರಸ್ತೆ ದಾಟಿ ಬರೋದೇಕೆ ಎಂದು ಸೈಕಲ್ ದಾರಿಯಲ್ಲಿ ರಾಂಗ್ ಸೈಡಲ್ಲೇ ಹೊರಟಿದ್ದೆ. ಎದುರಿಂದ ಸೈಕಲ್ಲಲ್ಲಿ ಬಂದ ಅಜ್ಜಿಯೊಬ್ಬರು ನಿಲ್ಲಿಸಿ, ಬೆಲ್ ಬಾರಿಸಿ, ‘ಫಾಲ್ಶೆ ಝೈಟೆ!’ ಎಂದು ಗದರಿದರು. ತಪ್ಪು ಬದಿ ಅಂತ. ನಮ್ಮ ಬೆಂಗಳೂರಲ್ಲಾದರೆ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ, ಅಲ್ವಾ?

ಇಲ್ಲಿ ಸೈಕಲ್ ಕೂಡ ಪೂರ್ತಿ ವಾಹನ. ರೆಡ್ ಸಿಗ್ನಲ್ ದಾಟಿದರೆ 60 ಯೂರೋ; ಕೆಂಪು ಬಿದ್ದು ಒಂದು ಸೆಕೆಂಡ್ ಮೀರಿದ್ದರೆ 100. ಜೊತೆಗೆ ಫ್ಲೆನ್ಸ್‌ಬುರ್ಗ್ ಊರಿನಲ್ಲಿರುವ ಸಂಚಾರ ತಪ್ಪುಗಳ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಒಂದು ಪಾಯಿಂಟ್. ಎಂಟು ಪಾಯಿಂಟ್ ಆದರೆ ಕಾರಿನ ಲೈಸೆನ್ಸೇ ಹೋಗುತ್ತದೆ! ಸೈಕಲ್ ಓಡಿಸುತ್ತಾ ಫೋನ್ ಹಿಡಿದರೆ 55 ಯೂರೋ. ಹೆಲ್ಮೆಟ್ ಮಾತ್ರ ಕಡ್ಡಾಯವಲ್ಲ, ಆದರೂ ಹಾಕಿಕೊಳ್ಳಿ. ನೀಲಿ ದುಂಡು ಬೋರ್ಡಿನಲ್ಲಿ ಸೈಕಲ್ ಚಿತ್ರವಿದ್ದರೆ ಆ ದಾರಿಯಲ್ಲೇ ಹೋಗಬೇಕು. ಫುಟ್‌ಪಾತ್ ಹತ್ತು ತುಂಬದ ಮಕ್ಕಳಿಗೆ. ಎಂಟರೊಳಗಿನ ಮಗುವಿನ ಜೊತೆ ದೊಡ್ಡವರೊಬ್ಬರು ಹೋಗಬಹುದು.

ಇಷ್ಟಾದರೂ ಜಗಳ ಮುಗಿದಿಲ್ಲ. ಸೈಕಲ್‌ನವರು ಸಿಗ್ನಲ್‌ಗೆ ಬೆಲೆ ಕೊಡೋದಿಲ್ಲ ಎಂದು ಕಾರಿನವರ ದೂರು. ಕಾರಿನವರು ಮೈಗೆ ಉಜ್ಜಿಕೊಂಡೇ ಹೋಗ್ತಾರೆ ಎಂದು ಸೈಕಲ್‌ನವರ ದೂರು. ಊರೊಳಗೆ ಓವರ್‌ಟೇಕ್ ಮಾಡುವಾಗ ಒಂದೂವರೆ ಮೀಟರ್ ಬಿಡಬೇಕೆಂದು 2020ರಲ್ಲಿ ಕಾನೂನೇ ಬಂತು. ಟೇಪ್ ಹಿಡಿದು ಅಳೆಯುವವರು ಯಾರು?

ತಮಾಷೆ ಇರುವುದು ಆಟೋಬಾನ್‌ನಲ್ಲಿ, ಅಂದರೆ ಇಲ್ಲಿನ ಎಕ್ಸ್‌ಪ್ರೆಸ್‌ವೇನಲ್ಲಿ. ಬೋರ್ಡ್ ಇಲ್ಲದ ಕಡೆ ಕಾರಿಗೆ ವೇಗದ ಮಿತಿಯೇ ಇಲ್ಲ. ಗಂಟೆಗೆ 130 ಕಿ.ಮೀ. ಅನ್ನೋದು ಬರೀ ಸಲಹೆ. 1973ರ ಎಣ್ಣೆ ಬಿಕ್ಕಟ್ಟಿನಲ್ಲಿ 100ರ ಮಿತಿ ಹಾಕಿ, ಕೆಲವೇ ತಿಂಗಳಲ್ಲಿ ತೆಗೆದರು. ಆಗ ವಾಹನ ಸವಾರರ ಸಂಘವಾದ ಎಡಿಎಸಿ ಮಿತಿಯ ವಿರುದ್ಧ ದೊಡ್ಡ ಗದ್ದಲವನ್ನೇ ಎಬ್ಬಿಸಿತ್ತು. 2020ರಲ್ಲಿ ಅದೇ ಸಂಘ ವಿರೋಧ ಕೈಬಿಟ್ಟಿತು, ಏಕೆಂದರೆ ಸದಸ್ಯರಲ್ಲೇ ಎರಡು ಬಣ. 2021ರ ಸರ್ಕಾರದಲ್ಲಿ ಗ್ರೀನ್ ಪಕ್ಷ 130 ಬೇಕೆಂದಿತು, ಜೊತೆಗಿದ್ದ ಎಫ್‌ಡಿಪಿ ಪಕ್ಷ ಒಪ್ಪಲಿಲ್ಲ. ಆಫೀಸ್ ಊಟದ ಹೊತ್ತಲ್ಲಿ ಈ ವಿಷಯ ಎತ್ತಬೇಡಿ, ಸೂಪ್ ಆರಿಹೋಗುತ್ತದೆ. ನನಗಂತೂ 130 ಸಾಕು.

ಎಡ ಲೇನ್ ಓವರ್‌ಟೇಕ್‌ಗೆ ಮಾತ್ರ. ಕನ್ನಡಿಯಲ್ಲಿ ಚುಕ್ಕೆಯಂತೆ ಕಾಣುವ ದೀಪ ಕಣ್ಣು ಮಿಟುಕಿಸುವಷ್ಟರಲ್ಲಿ ಬೆನ್ನ ಹಿಂದೆ ಇರುತ್ತದೆ. ಇನ್ನೊಂದು ಮಾತು: 130 ಮೀರಿ ಓಡಿಸುವಾಗ ಅಪಘಾತವಾದರೆ, ತಪ್ಪು ಎದುರಿನವರದ್ದೇ ಆದರೂ ನಷ್ಟದಲ್ಲಿ ನಿಮಗೂ ಪಾಲು ಬೀಳಬಹುದು.

ನಮ್ಮ ಭಾರತದ ಲೈಸೆನ್ಸ್ ನಡೆಯುವುದು ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು. ಆಮೇಲೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ. ಬಲಕ್ಕೆ ತಿರುಗುವ ಮುಂಚೆ ಕತ್ತು ಹೊರಳಿಸಿ ಸೈಕಲ್ ಬರುತ್ತಿದೆಯಾ ಎಂದು ನೋಡಲೇಬೇಕು, ಕನ್ನಡಿ ಸಾಲದು. ನಾನು ಮೊದಲ ಸಲ ಫೇಲಾಗಿದ್ದು ಅಲ್ಲೇ.