ಅಂಗಡಿ ಲೆಕ್ಕ ಕಂಪ್ಯೂಟರಿಗೆ: ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ

ದಾವಣಗೆರೆಯ ಎಪಿಎಂಸಿ ಸುತ್ತಮುತ್ತ, ಮಂಡಿಪೇಟೆಯ ಒಳಗೆ, ಇವತ್ತಿಗೂ ದಪ್ಪ ರಟ್ಟಿನ ಖಾತೆ ಪುಸ್ತಕದಲ್ಲೇ ಲೆಕ್ಕ ಇಡುವ ಅಂಗಡಿಗಳಿವೆ. ಮಗನೋ ಮಗಳೋ ಬಿಸಿಎ ಅಥವಾ ಬಿಇ ಮುಗಿಸಿ ಮನೆಗೆ ಬಂದರೆ ಸಾಕು, 'ಅಪ್ಪಾ, ಇದನ್ನೆಲ್ಲ ಕಂಪ್ಯೂಟರಿಗೆ ಹಾಕೋಣ' ಅನ್ನುವ ಮಾತು ಶುರುವಾಗುತ್ತದೆ. ಒಳ್ಳೆಯ ಮಾತೇ. ಆದರೆ ಮಾತಾಡಿದ ವಾರದಲ್ಲೇ ಕಂಪ್ಯೂಟರ್, ಪ್ರಿಂಟರ್, ಸಾಫ್ಟ್‌ವೇರ್ ಎಲ್ಲ ಬಂದು ಕೂತರೆ ಕೆಲಸ ಕೆಡುತ್ತದೆ. ಅಂಗಡಿ ಹೇಗೆ ನಡೆಯುತ್ತಿದೆ ಅನ್ನೋದು ಮೊದಲು ಕಾಗದದ ಮೇಲೆ ಬರಬೇಕು. ಆ ಕೆಲಸ ಹೇಗೆ ಮಾಡೋದು ಅಂತ ಒಂದು ಗೊಬ್ಬರ, ಬೀಜ, ಔಷಧಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಂಡು ನೋಡೋಣ. ನಿಮ್ಮದು ಬಟ್ಟೆ ಅಂಗಡಿಯಾದರೂ ಹಾರ್ಡ್‌ವೇರ್ ಅಂಗಡಿಯಾದರೂ ದಾರಿ ಇದೇ.

ಮೊದಲು ತೊಂದರೆ ಯಾವುದು ಅಂತ ಬರೆಯಿರಿ

'ಎಲ್ಲಾ ಆನ್‌ಲೈನ್ ಆಗಬೇಕು' ಅನ್ನುವುದು ತೊಂದರೆಯ ವಿವರಣೆ ಅಲ್ಲ. 'ಯಾವ ರೈತ ಎಷ್ಟು ಬಾಕಿ ಕೊಡಬೇಕು ಅಂತ ಹೇಳಲು ನಾಲ್ಕು ಪುಸ್ತಕ ತಿರುವಬೇಕು' ಅನ್ನುವುದು ತೊಂದರೆ. 'ಅವಧಿ ಮುಗಿದ ಔಷಧಿ ಗೋದಾಮಿನ ಮೂಲೆಯಲ್ಲಿ ಸಿಕ್ಕಿ ದುಡ್ಡು ಹೋಗುತ್ತಿದೆ' ಅನ್ನುವುದು ಇನ್ನೊಂದು. ಇಂಥವನ್ನು ಒಂದೊಂದು ವಾಕ್ಯದಲ್ಲಿ ಬರೆಯಿರಿ. ಎಷ್ಟೇ ಉದ್ದದ ಪಟ್ಟಿ ಆದರೂ ಪರವಾಗಿಲ್ಲ. ಆಮೇಲೆ ಯಜಮಾನರನ್ನು ಕೂರಿಸಿಕೊಂಡು ಒಂದೇ ಒಂದನ್ನು ಆರಿಸಿ. ಮೊದಲ ವರ್ಷ ಅದೊಂದು ಸರಿಹೋದರೂ ಹಾಕಿದ ದುಡ್ಡು ದಂಡವಾಗುವುದಿಲ್ಲ. ನಮ್ಮ ಉದಾಹರಣೆಯ ಅಂಗಡಿ ಉದ್ರಿ ಲೆಕ್ಕವನ್ನು ಆರಿಸಿಕೊಂಡಿದೆ ಅಂತ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಕೂತು ನೋಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ ಹಂತ. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ಮನೆಯ ಹುಡುಗರಿಗೆ 'ಅಪ್ಪನ ಅಂಗಡಿ ನಂಗೆ ಗೊತ್ತಿಲ್ವಾ' ಅನ್ನಿಸುತ್ತದೆ. ಗಲ್ಲಾ ಪಕ್ಕದ ಕುರ್ಚಿಯಲ್ಲಿ ಕೂತು ಬೆಳೆದಿದ್ದರೂ ಲೆಕ್ಕ ಹೇಗೆ ಹರಿಯುತ್ತದೆ ಅಂತ ನೋಡಿರುವುದಿಲ್ಲ.

ಸಂತೆ ದಿನ ಒಂದು, ಸಾಧಾರಣ ದಿನ ಒಂದು ಆರಿಸಿ, ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಗಿರಾಕಿ ಒಳಗೆ ಬಂದಾಗಿನಿಂದ ಚೀಲ ಹೊರಗೆ ಹೋಗುವವರೆಗೆ ಏನೇನು ನಡೆಯಿತು ಅಂತ ಬರೆದುಕೊಳ್ಳಿ. ಯಾರು ದರ ಹೇಳಿದರು? ಚೀಟಿ ಯಾರು ಬರೆದರು? ಗೋದಾಮಿನಲ್ಲಿ ಹಮಾಲರು ಏನು ನೋಡಿ ಚೀಲ ಎತ್ತಿ ಕೊಟ್ಟರು? ಸಂಜೆ ಕಿರ್ದಿಗೆ ಏರಿಸಿದ್ದು ಯಾರು? ಗುಮಾಸ್ತರ ಹತ್ತಿರ ಮಾತಾಡುವಾಗ 'ಸಾಫ್ಟ್‌ವೇರಲ್ಲಿ ಏನೇನು ಬೇಕು' ಅಂತ ಕೇಳಬೇಡಿ. ಅದಕ್ಕೆ ಉತ್ತರ ಅವರಲ್ಲಿ ಇರುವುದಿಲ್ಲ. 'ಅಣ್ಣಾ, ನಿನ್ನೆ ಕೊನೇ ಗಿರಾಕಿ ಬಂದಾಗ ಏನಾಯ್ತು? ಪುಸ್ತಕದಲ್ಲಿ ಎಲ್ಲಿ ಬರೆದಿರಿ, ತೋರಿಸಿ' ಅಂತ ಕೇಳಿ. ಉತ್ತರ ತಾನಾಗೇ ಬರುತ್ತದೆ.

ಖಾತೆ ಪುಸ್ತಕದ ಒಂದು ಪುಟವನ್ನೇ ತೆಗೆದು ನೋಡಿ. ಮೇಲೆ 'ಆನಗೋಡು ಬಸಣ್ಣ, ಕೆರೆ ಕೆಳಗಿನ ಹೊಲ' ಅಂತ ಇರುತ್ತದೆ. ಆ 'ಕೆರೆ ಕೆಳಗಿನ ಹೊಲ' ಸುಮ್ನೆ ಬರೆದದ್ದಲ್ಲ. ಅದೇ ಊರಲ್ಲಿ ಬಸಣ್ಣ ಅನ್ನುವವರು ಇನ್ನೂ ಇಬ್ಬರಿದ್ದಾರೆ, ಅವರಿಂದ ಇವರನ್ನು ಬೇರೆ ಮಾಡಲು ಬರೆದದ್ದು. ಸಾಫ್ಟ್‌ವೇರ್ ಮಾಡುವವರು ಹೆಸರು, ಮೊಬೈಲ್ ನಂಬರ್ ಅಂತ ಎರಡು ಖಾನೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅಣ್ಣತಮ್ಮಂದಿರು ಬೇರೆ ಬೇರೆ ಖಾತೆ ಇಟ್ಟು ಮನೆಯ ಒಂದೇ ನಂಬರ್ ಕೊಟ್ಟಿದ್ದರೆ? ನಂಬರೇ ಬದಲಾದರೆ? ಅದಕ್ಕೆ ಪ್ರತಿ ಖಾತೆಗೂ ಅಂಗಡಿಯದೇ ಒಂದು ಸಂಖ್ಯೆ ಬೇಕು. ಜೊತೆಗೆ ಊರು, ತಂದೆಯ ಹೆಸರು, ಗುರುತು ಅಂತ ಖಾನೆಗಳು ಬೇಕು. ಪುಟದ ಕೆಳಗಡೆ ನೋಡಿ: 'ಜೋಳ ಬಂದಮೇಲೆ' ಅಂತ ಪೆನ್ಸಿಲಿನಲ್ಲಿ ಬರೆದಿದೆ. ಅದು ಬಾಕಿ ತೀರಿಸುವ ವಾಯಿದೆ. ತಾರೀಖು ಹಾಕಿದರೆ ಮಾತ್ರ ಮುಂದಕ್ಕೆ ಹೋಗುವ ಸಾಫ್ಟ್‌ವೇರ್ ಈ ಅಂಗಡಿಗೆ ಹೊಂದುವುದಿಲ್ಲ.

ಸರಕಿನ ಕಡೆಯೂ ಇಂಥ ಸೂಕ್ಷ್ಮಗಳಿವೆ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ. ಚೀಲಕ್ಕೆ ಇಂತಿಷ್ಟೇ ತೂಕ ಅಂತ ಒಂದೇ ಲೆಕ್ಕ ಹಿಡಿದರೆ ದಾಸ್ತಾನು ತಾಳೆಯಾಗುವುದಿಲ್ಲ. ಬೀಜಕ್ಕೆ ಲಾಟ್ ನಂಬರ್, ಔಷಧಿಗೆ ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನ ಇರಲೇಬೇಕು. 'ಬೀಜ ಮೊಳೆಯಲಿಲ್ಲ' ಅಂತ ಜಗಳೂರು ಕಡೆಯ ಒಬ್ಬ ರೈತ ಬಂದು ನಿಂತರೆ, ಅದೇ ಲಾಟ್ ಇನ್ನು ಯಾರ್ಯಾರಿಗೆ ಹೋಗಿದೆ ಅಂತ ಆ ಕ್ಷಣಕ್ಕೇ ಗೊತ್ತಾಗಬೇಕು. ಉಳಿದವರು ಬಿತ್ತುವ ಮುಂಚೆ ಫೋನ್ ಮಾಡಿ ತಡೆಯಬಹುದಲ್ವಾ? ರೈತನ ಒಂದು ಹಂಗಾಮು ಉಳಿಯುವ ವಿಷಯ ಇದು.

ಕಾನೂನು ಏನು ಕೇಳುತ್ತದೆ

ಇದನ್ನು ನಿಮ್ಮ ಲೆಕ್ಕಪರಿಶೋಧಕರ ಮುಂದೆ ಕೂತು ಬರೆದುಕೊಳ್ಳಿ. ಇದೇ ಅಂಗಡಿಯಲ್ಲಿ ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ರಾಸಾಯನಿಕ ಗೊಬ್ಬರಕ್ಕೆ ಶೇ 5, ಸಾಧಾರಣ ಕೀಟನಾಶಕಕ್ಕೆ ಶೇ 18. ಒಂದೇ ಬಿಲ್ಲಿನಲ್ಲಿ ಮೂರೂ ಬರಬಹುದು. ದರಗಳು ಶಾಶ್ವತವೂ ಅಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯಲ್ಲಿ ಎಷ್ಟೋ ಸರಕುಗಳ ದರ ಒಟ್ಟಿಗೇ ಬದಲಾಯಿತು. ಹಾಗಾಗಿ ದರದ ಜೊತೆ 'ಯಾವ ದಿನದಿಂದ' ಅನ್ನುವುದೂ ದಾಖಲಾಗಬೇಕು, ಹಳೇ ಬಿಲ್ ಹಳೇ ದರದಲ್ಲೇ ಉಳಿಯಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ, ಜಿಎಸ್‌ಟಿ ನೋಂದಣಿ ಇರುವ ಬೇರೆ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಿದ ಬಿಲ್) ಬೇಕು. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆ ದಿನದಿಂದ 72 ತಿಂಗಳು ಕಾಪಾಡಬೇಕು. ಅಂದರೆ ಮೂರು ವರ್ಷಕ್ಕೆ ಸಾಫ್ಟ್‌ವೇರ್ ಬದಲಾಯಿಸಿದರೂ ಹಳೆಯ ಲೆಕ್ಕ ತೆರೆದು ನೋಡುವಂತೆ ಇರಬೇಕು.

ಸಬ್ಸಿಡಿ ಗೊಬ್ಬರವನ್ನು ಸರ್ಕಾರದ ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರದಲ್ಲೇ ಮಾರಬೇಕು. ನೀವು ಹಾಕಿಸುವ ಯಾವ ಸಾಫ್ಟ್‌ವೇರೂ ಅದರ ಜಾಗಕ್ಕೆ ಬರುವುದಿಲ್ಲ. ಎರಡು ಕಡೆ ಎಂಟ್ರಿ ಮಾಡುವ ಕೆಲಸ ಉಳಿದೇ ಉಳಿಯುತ್ತದೆ. ಅದನ್ನು ಯಾರು ಮಾಡುತ್ತಾರೆ ಅಂತ ಯೋಜನೆಯಲ್ಲೇ ಬರೆಯಿರಿ.

ರೈತರ ಮೊಬೈಲ್ ನಂಬರ್, ವಿಳಾಸ ಕಂಪ್ಯೂಟರಿನಲ್ಲಿ ಇಡುತ್ತೀರಿ ಅಂದಮೇಲೆ ಅದರ ಹೊಣೆಯೂ ನಿಮ್ಮದೇ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆಯೇ ಬಂದಿದೆ. ಲೆಕ್ಕಕ್ಕೆ ಬೇಕಾಗದ ಮಾಹಿತಿ ಕೇಳಲೇಬೇಡಿ. ಆಧಾರ್ ಜೆರಾಕ್ಸ್ ತೆಗೆದು ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ.

ಬೇಕಾದದ್ದು, ಆಮೇಲೆ ನೋಡುವುದು, ಬೇಡದ್ದು

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಹಂಚಿ. ಉದ್ರಿ ಖಾತೆ, ಬಿಲ್, ದಾಸ್ತಾನು, ಲಾಟ್ ನಂಬರ್ ಮೊದಲ ಹಂತಕ್ಕೆ. ವಾಟ್ಸ್‌ಆ್ಯಪಿನಲ್ಲಿ ಬಾಕಿ ನೆನಪಿಸುವುದು, ಬಾರ್‌ಕೋಡ್ ಇಂಥವು ಆಮೇಲೆ. ರೈತರಿಗಾಗಿ ಮೊಬೈಲ್ ಆ್ಯಪ್ ಮಾಡಿಸುವ ಆಸೆ ಎಲ್ಲರಿಗೂ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಬೇಡದ್ದರ ಸಾಲಿಗೆ ಹಾಕಿ. ಬಾಕಿ ಕೇಳಬೇಕಾದ ರೈತ ಒಂದು ಫೋನ್ ಮಾಡುತ್ತಾನೆ, ಅದಕ್ಕೆ ಥಟ್ಟನೆ ಉತ್ತರ ಕೊಟ್ಟರೆ ಸಾಕು.

ರೆಡಿಮೇಡ್ ಕೊಳ್ಳುವುದೋ, ಬರೆಸುವುದೋ?

ಟ್ಯಾಲಿ, ವ್ಯಾಪಾರ್ ಥರದ ರೆಡಿಮೇಡ್ ಸಾಫ್ಟ್‌ವೇರ್‌ಗಳಿವೆ. ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶವೂ ಇದೆ. ಅದಕ್ಕೆ ಲೈಸೆನ್ಸ್ ದುಡ್ಡಿಲ್ಲ, ಆದರೆ ಹಾಕಿ ನಡೆಸಲು ಬಲ್ಲವರು ಬೇಕು. ಒಂದು ಅಂಗಡಿಗೆ ಅಂತ ಹೊಸದಾಗಿ ಬರೆಸುವುದು ಕೊನೆಯ ದಾರಿ. ಬರೆದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದಮೇಲೆ ಜಿಎಸ್‌ಟಿ ದರ ಬದಲಾದರೆ ಯಾರನ್ನು ಹುಡುಕುತ್ತೀರಿ? ಲೆಕ್ಕದ ಭಾಗವನ್ನು ರೆಡಿಮೇಡ್ ತಗೊಂಡು, ತೀರಾ ಹೊಂದದ ಸಣ್ಣ ಭಾಗವನ್ನಷ್ಟೇ ಬರೆಸುವುದು ಲೇಸು.

ಮಾರುವವರು ಡೆಮೊ ತೋರಿಸಲು ಬಂದಾಗ ಅವರು ತಂದ ಉದಾಹರಣೆ ಬೇಡ ಅನ್ನಿ. ಹೋದ ಜೂನಿನ ಒಂದು ಗಡಿಬಿಡಿ ದಿನದ ಬಿಲ್‌ಗಳನ್ನು ಮುಂದಿಟ್ಟು 'ಇವನ್ನು ಹಾಕಿ ತೋರಿಸಿ' ಅನ್ನಿ. ಅದರಲ್ಲಿ ಅರ್ಧ ನಗದು ಅರ್ಧ ಉದ್ರಿ ಬಿಲ್ ಇರಲಿ. ಒಡೆಯದ ಬೀಜದ ಪ್ಯಾಕೆಟ್ ವಾಪಸ್ ಬಂದದ್ದು ಇರಲಿ. ಔಷಧಿಗೆ ನಗದು ದರ ಬೇರೆ, ಉದ್ರಿ ದರ ಬೇರೆ ಇದ್ದರೆ ಅದೂ ಇರಲಿ, ಎರಡರಲ್ಲಿ ಯಾವುದೂ ಎಂಆರ್‌ಪಿ ದಾಟದಂತೆ ಸಾಫ್ಟ್‌ವೇರ್ ತಡೆಯುತ್ತದೋ ನೋಡಿ. ಕನ್ನಡದಲ್ಲಿ ಮುದ್ರಣ ಬರುತ್ತದೆ ಅಂದರೆ 'ಶ್ಯಾಗಲೆ ಮಲ್ಲಿಕಾರ್ಜುನಪ್ಪ' ಅಂತ ಟೈಪ್ ಮಾಡಿಸಿ, ಪ್ರಿಂಟ್ ತೆಗೆಸಿ. ಒತ್ತಕ್ಷರ, ಅರ್ಕಾವೊತ್ತು ಕಾಗದದ ಮೇಲೆ ಸರಿಯಾಗಿ ಬಿದ್ದರೆ ನಂಬಬಹುದು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಗಿರಾಕಿಗಳ ಪಟ್ಟಿ ಇದ್ದರೆ ಅದನ್ನು ಈಗಿನ ಸಾಫ್ಟ್‌ವೇರ್‌ಗಳು ಓದುವ ಯೂನಿಕೋಡ್‌ಗೆ ಬದಲಾಯಿಸುವ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಕೆಲವು ಪ್ರಶ್ನೆ ಕೇಳಲೇಬೇಕು. ಇಂಟರ್ನೆಟ್ ಹೋದರೆ ಬಿಲ್ ಆಗುತ್ತದಾ? ಎಲ್ಲ ಮಾಹಿತಿಯನ್ನೂ ಎಕ್ಸೆಲ್‌ಗೆ ತೆಗೆದುಕೊಂಡು ಹೊರಗೆ ಹೋಗಬಹುದಾ? ಬಿಲ್ ಅಳಿಸಿದರೆ ಯಾರು, ಯಾವಾಗ ಅಳಿಸಿದರು ಅಂತ ಉಳಿಯುತ್ತದಾ? ಎಕ್ಸೆಲ್ ಪ್ರಶ್ನೆಗೆ 'ಇಲ್ಲ' ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ. ನಿಮ್ಮ ಲೆಕ್ಕ ನಿಮ್ಮ ಕೈಗೆ ಸಿಗದ ಹಾಗಿರಬಾರದು. ಆ ಸಾಫ್ಟ್‌ವೇರನ್ನು ಈಗಾಗಲೇ ಬಳಸುತ್ತಿರುವ ಹರಿಹರದ್ದೋ ಚನ್ನಗಿರಿಯದೋ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಮಾಲೀಕರ ಜೊತೆ ಮಾತಾಡಿದ ಮೇಲೆ ಬಿಲ್ ಹಾಕುವವರ ಜೊತೆಯೂ ಮಾತಾಡಿ.

ಖರ್ಚು

ಸಾಫ್ಟ್‌ವೇರ್ ಬೆಲೆ ಒಂದನ್ನೇ ನೋಡಬೇಡಿ. ಐದು ವರ್ಷಕ್ಕೆ ಒಟ್ಟು ಎಷ್ಟು ಅಂತ ಬರೆಯಿರಿ: ವರ್ಷ ವರ್ಷದ ನವೀಕರಣ, ಯುಪಿಎಸ್ ಮತ್ತು ಅದರ ಬ್ಯಾಟರಿ, ಪ್ರಿಂಟರ್ ಕಾಗದ, ಹಳೇ ಖಾತೆಗಳನ್ನು ಟೈಪ್ ಮಾಡುವವರ ಕೂಲಿ, ಗುಮಾಸ್ತರಿಗೆ ಕಲಿಸುವ ದಿನಗಳು.

ಪ್ರಿಂಟರ್ ವಿಷಯದಲ್ಲಿ ಒಂದು ಮಾತು. ಸಣ್ಣ ಥರ್ಮಲ್ ಪ್ರಿಂಟರ್ ಅಗ್ಗ, ಇಂಕಿನ ಕಾಟವಿಲ್ಲ. ಆದರೆ ಅದರ ಅಕ್ಷರ ಬಿಸಿಗೆ ಮಾಸುತ್ತದೆ. ಜೂನಿನಲ್ಲಿ ಕೊಟ್ಟ ಉದ್ರಿ ಚೀಟಿಯನ್ನು ರೈತ ಅಂಗಿ ಜೇಬಿನಲ್ಲಿಟ್ಟುಕೊಂಡು ಹೊಲ ಸುತ್ತಿ, ಡಿಸೆಂಬರಿನಲ್ಲಿ ಲೆಕ್ಕಕ್ಕೆ ತಂದರೆ ಕಾಗದ ಬಿಳಿಯಾಗಿರಬಹುದು. ಉದ್ರಿ ಕೊಡುವ ಅಂಗಡಿಗೆ ಲೇಸರ್ ಅಥವಾ ಡಾಟ್ ಮ್ಯಾಟ್ರಿಕ್ಸ್ ಒಳ್ಳೆಯದು.

ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ಮುಂಗಾರು ಶುರುವಾದಮೇಲೆ ಹೊಸ ವ್ಯವಸ್ಥೆ ತರಬೇಡಿ. ಜೂನ್, ಜುಲೈನಲ್ಲಿ ಗೊಬ್ಬರದ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಏಪ್ರಿಲ್ 1 ಸರಿಯಾದ ದಿನ. ಹಣಕಾಸು ವರ್ಷ ಹೊಸದು, ಬಿಲ್ ನಂಬರ್ ಒಂದರಿಂದ ಶುರು. ಇನ್ನೊಂದು ಅನುಕೂಲ ಇದೆ. ಮೆಕ್ಕೆಜೋಳ ಮಾರಾಟವಾಗಿ ಎಷ್ಟೋ ರೈತರು ಆ ಹೊತ್ತಿಗೆ ಹಳೇ ಬಾಕಿ ತೀರಿಸಿರುತ್ತಾರೆ. ಹೊಸ ಪುಸ್ತಕಕ್ಕೆ ಏರಿಸಬೇಕಾದ ಬಾಕಿ ಕಡಿಮೆ ಇರುತ್ತದೆ.

ಅಲ್ಲಿಂದ ಹಿಂದಕ್ಕೆ ಬನ್ನಿ. ಮಾರ್ಚ್ 31ರ ಸಂಜೆ ಗೋದಾಮಿನ ಸರಕು ಎಣಿಸಬೇಕು. ಮಾರ್ಚ್ ಪೂರ್ತಿ ಗುಮಾಸ್ತರಿಗೆ ಅಭ್ಯಾಸ, ಹಳೇ ಬಿಲ್‌ಗಳಿಂದ ಪರೀಕ್ಷೆ. ಫೆಬ್ರುವರಿಯಲ್ಲಿ ಖರೀದಿ, ಖಾತೆಗಳ ಟೈಪಿಂಗ್. ಜನವರಿಯಲ್ಲಿ ಡೆಮೊ ಮತ್ತು ಆಯ್ಕೆ. ಅಂಗಡಿಯಲ್ಲಿ ಕೂತು ನೋಡುವ ಕೆಲಸವನ್ನು ನವೆಂಬರ್, ಡಿಸೆಂಬರಿನಲ್ಲೇ ಮಾಡಿದರೆ ಬಾಕಿ ವಸೂಲಿ ಹೇಗೆ ನಡೆಯುತ್ತದೆ ಅನ್ನುವುದೂ ಕಣ್ಣಿಗೆ ಬೀಳುತ್ತದೆ. ಭದ್ರಾ ನಾಲೆಯ ಭತ್ತದ ಗಿರಾಕಿಗಳು ಜಾಸ್ತಿ ಇದ್ದರೆ ಜನವರಿ, ಫೆಬ್ರುವರಿಯಲ್ಲೂ ನಾಟಿಯ ಗದ್ದಲ ಇರುತ್ತದೆ. ಆಗ ಎಲ್ಲವನ್ನೂ ಒಂದು ತಿಂಗಳು ಮುಂಚೆಯೇ ಶುರು ಮಾಡಿ.

ಬಾಕಿ ಏರಿಸುವಾಗ ಅವಸರ ಬೇಡ. ರೈತ ಅಂಗಡಿಗೆ ಬಂದಾಗ ಹಳೇ ಪುಸ್ತಕ ತೆರೆದು ಒಟ್ಟು ಮೊತ್ತ ಓದಿ ಹೇಳಿ, ಒಪ್ಪಿದ ಮೇಲೆ ಅಲ್ಲೇ ರುಜು ಹಾಕಿಸಿ, ನಂತರ ಕಂಪ್ಯೂಟರಿಗೆ ಹಾಕಿ. ಆ ರುಜು ಇರುವ ಪುಸ್ತಕವನ್ನು ಎಸೆಯಬೇಡಿ.

ಒಪ್ಪಂದ, ಬ್ಯಾಕಪ್, ಮೊದಲ ತಿಂಗಳು

ಪರಿಚಯದವರೇ ಆದರೂ ಬರಹದಲ್ಲಿ ಒಪ್ಪಂದ ಇರಲಿ. ಏನೇನು ಮಾಡಿಕೊಡುತ್ತಾರೆ, ಯಾವ ದಿನಕ್ಕೆ, ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ಮಾಹಿತಿ ಯಾರದು. ಬರೆಸುವುದಾದರೆ ಸೋರ್ಸ್ ಕೋಡ್ (ಸಾಫ್ಟ್‌ವೇರಿನ ಮೂಲ ಬರಹ) ನಿಮಗೆ ಕೊಡಬೇಕು ಅಂತಲೂ ಸೇರಿಸಿ. ದುಡ್ಡನ್ನು ಕಂತಿನಲ್ಲಿ ಕೊಡಿ. ಕೊನೇ ಕಂತು, ಹೋದ ಜೂನಿನ ಆ ಬಿಲ್‌ಗಳು ಒಂದು ಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾದ ಮೇಲೆ.

ಬ್ಯಾಕಪ್‌ಗೆ 3-2-1 ಅನ್ನುವ ಪದ್ಧತಿ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಅಂಗಡಿಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಮನೆಗೆ ಒಯ್ಯುವ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು ಅಂದರೆ ಆಯಿತು. ಬ್ಯಾಕಪ್ ಆಗುತ್ತಿದೆ ಅಂತ ಸಂದೇಶ ಬಂದರೆ ಸಾಲದು. ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಒಬ್ಬ ರೈತನ ಖಾತೆ ಪೂರ್ತಿ ಬರುತ್ತದೋ ನೋಡಿ.

ಏಪ್ರಿಲ್ ಪೂರ್ತಿ ಪುಸ್ತಕ, ಕಂಪ್ಯೂಟರ್ ಎರಡೂ ನಡೆಯಲಿ. ಸಂಜೆ ಗಲ್ಲಾದ ನಗದು, ಯುಪಿಐ, ಉದ್ರಿ ಮೂರನ್ನೂ ಎರಡು ಕಡೆ ತಾಳೆ ನೋಡಿ. ವ್ಯತ್ಯಾಸ ಬಂದ ಬಿಲ್ ಯಾವುದು ಅಂತ ಅವತ್ತೇ ಹುಡುಕಿ, ಕಾರಣವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗುಮಾಸ್ತರಿಗೆ ದುಪ್ಪಟ್ಟು ಕೆಲಸ ಆಗುತ್ತದೆ, ನಿಜ. ಆ ತಿಂಗಳು ಅವರ ಕೈಗೆ ಸ್ವಲ್ಪ ಜಾಸ್ತಿ ಕೊಡುವುದನ್ನೂ ಖರ್ಚಿನ ಪಟ್ಟಿಗೆ ಸೇರಿಸಿ. ವಾರವಿಡೀ ವ್ಯತ್ಯಾಸ ಬರದೇ ಇದ್ದರೆ ಮಾತ್ರ ಮೇ ತಿಂಗಳಿಂದ ಪುಸ್ತಕ ನಿಲ್ಲಿಸಿ, ಇಲ್ಲದಿದ್ದರೆ ಇನ್ನೂ ಕೆಲವು ದಿನ ಎರಡನ್ನೂ ಮುಂದುವರಿಸಿ. 'ಆಮೇಲೆ ನೋಡುವುದು' ಪಟ್ಟಿಯನ್ನು ಆಗಸ್ಟ್ ಕೊನೆಯವರೆಗೆ ತೆಗೆಯಬೇಡಿ. ಆಮೇಲೂ ಒಂದು ಸಲಕ್ಕೆ ಒಂದೇ ಅಂಶ ಸೇರಿಸಿ, ಅದಕ್ಕೂ ಆ ವರ್ಷದ ಜೂನಿನ ಬಿಲ್‌ಗಳಿಂದಲೇ ಪರೀಕ್ಷೆ ಮಾಡಿ.